ಸಂಕೇತ ಮೊದಲೋ, ಮತದಾರರ ಪಲ್ಲಟ ಮೊದಲೋ: ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳ ಬಗ್ಗೆ ಒಂದು ಚರ್ಚೆ

ಸರಸ್ವತಿಪುರಂ ಮೇಷ್ಟ್ರು:

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ವಿವರಣೆ ಬಹಳ ಬೇಗ ಒಪ್ಪಿತವಾಗಿಬಿಡುತ್ತದೆ. ಯಾವುದೋ ಒಂದು ಚಿತ್ರ, ಒಂದು ಟೊಪ್ಪಿ ಅಥವಾ ಒಂದು ಘೋಷಣೆ ಜನರ ಮನಸ್ಸನ್ನು ಸೆಳೆಯಿತು, ಅದರಿಂದ ಫಲಿತಾಂಶವೇ ಬದಲಾಯಿತು ಎನ್ನುವುದು ಆ ವಿವರಣೆ. ನನಗೆ ಈ ಲೆಕ್ಕ ಹಿಂದುಮುಂದಾಗಿದೆ ಎಂದು ತೋರುತ್ತದೆ. ಮತದಾರರು ಮೊದಲು ತಾವು ನಿಂತ ಜಾಗದಿಂದ ಕದಲುತ್ತಾರೆ. ಆ ಕದಲಿಕೆಗೆ ಕಣ್ಣಿಗೆ ಕಾಣುವ ರೂಪವನ್ನು ಸಂಕೇತ ಆಮೇಲೆ ಒದಗಿಸುತ್ತದೆ. ಇದನ್ನು ಪರೀಕ್ಷಿಸುವುದಕ್ಕೆ ಇಡೀ ಅಮೆರಿಕವನ್ನು ಹರವಿಕೊಂಡು ಕೂರುವ ಬದಲು ಒಂದೇ ಒಂದು ಕೌಂಟಿಯನ್ನು, ಅಂದರೆ ನಮ್ಮ ಜಿಲ್ಲೆಯಂಥ ಒಂದು ವಿಭಾಗವನ್ನು, ಅರವತ್ತು ವರ್ಷಗಳ ಉದ್ದಕ್ಕೂ ಹಿಂಬಾಲಿಸುವುದು ಲೇಸು.

ಮಿಷಿಗನ್ ರಾಜ್ಯದಲ್ಲಿ ಡೆಟ್ರಾಯಿಟ್ ನಗರದ ಉತ್ತರಕ್ಕೆ ಮ್ಯಾಕೋಂಬ್ ಎಂಬ ಕೌಂಟಿಯಿದೆ. ಕಾರು ಕಾರ್ಖಾನೆಗಳಲ್ಲಿ ದುಡಿದು ಸ್ವಂತ ಮನೆ ಮಾಡಿಕೊಂಡ ಬಿಳಿಯ ಕಾರ್ಮಿಕ ಕುಟುಂಬಗಳು, ಅವುಗಳಲ್ಲಿ ಅನೇಕವು ಕ್ಯಾಥೊಲಿಕ್ ಕುಟುಂಬಗಳು, ನೆಲೆಸಿದ ಪ್ರದೇಶ ಅದು. 1960ರಲ್ಲಿ ಡೆಮಾಕ್ರಟಿಕ್ ಪಕ್ಷದ ಕೆನಡಿಯವರಿಗೆ ಅಲ್ಲಿ ಶೇ. 63ರಷ್ಟು ಮತಗಳು ಬಿದ್ದವು. 1984ರಲ್ಲಿ ರಿಪಬ್ಲಿಕನ್ ಪಕ್ಷದ ರೇಗನ್ ಅವರಿಗೆ ಅದೇ ಕೌಂಟಿ ಶೇ. 66ರಷ್ಟು ಮತಗಳನ್ನು ಕೊಟ್ಟಿತು. 1988ರ ಸೆಪ್ಟೆಂಬರ್ 13ರಂದು ಡೆಮಾಕ್ರಟಿಕ್ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಸೇನೆಯ ವಿಷಯದಲ್ಲಿ ತಾವು ಮೃದುವಲ್ಲವೆಂದು ತೋರಿಸಲು ಶಿರಸ್ತ್ರಾಣ ಧರಿಸಿ ಟ್ಯಾಂಕ್ ಏರಿ ಸವಾರಿ ಮಾಡಿದರಲ್ಲವೇ, ಆ ಪ್ರಸಂಗ ನಡೆದದ್ದೂ ಇದೇ ಮ್ಯಾಕೋಂಬ್‌ನ ಸ್ಟರ್ಲಿಂಗ್ ಹೈಟ್ಸ್ ಎಂಬ ಊರಿನ ಕಾರ್ಖಾನೆಯಲ್ಲಿ. ಆ ದೃಶ್ಯವನ್ನೇ ಎದುರಾಳಿ ಬುಷ್ ಅವರ ಪ್ರಚಾರ ತಂಡ ಜಾಹೀರಾತಾಗಿ ಮಾಡಿತು. ಪ್ರಚಾರ ತಂತ್ರದ ಬಗ್ಗೆ ಬರೆಯುವವರು ಇಂದಿಗೂ ಇದನ್ನು ಒಂದು ಚಿತ್ರ ಒಬ್ಬ ಅಭ್ಯರ್ಥಿಯನ್ನು ಮುಳುಗಿಸಿದ್ದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ.

ಆದರೆ ಆ ಊರಿನ ಮತದಾರರು ಟ್ಯಾಂಕನ್ನು ಕಾಣುವ ಹದಿನಾರು ವರ್ಷ ಮೊದಲೇ, 1972ರಲ್ಲಿ, ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಹೇಳುವ ಮಿಷಿಗನ್ನಿನ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯನ್ನು ಜನಾಂಗೀಯ ಪ್ರತ್ಯೇಕತೆಯ ಪರವಾಗಿ ಹೆಸರಾದ ಅಲಬಾಮದ ಜಾರ್ಜ್ ವಾಲೇಸ್ ಗೆದ್ದಿದ್ದರು. ಕಪ್ಪು ಮತ್ತು ಬಿಳಿಯ ಮಕ್ಕಳು ಒಟ್ಟಿಗೆ ಕಲಿಯುವಂತಾಗಲು ಡೆಟ್ರಾಯಿಟ್ ಮತ್ತು ಸುತ್ತಲಿನ ಉಪನಗರಗಳ ನಡುವೆ ಮಕ್ಕಳನ್ನು ಬಸ್ಸಿನಲ್ಲಿ ಸಾಗಿಸಬೇಕೆಂಬ ನ್ಯಾಯಾಲಯದ ವಿಚಾರಣೆ ಆಗ ಕಾವೇರಿತ್ತು. 1974ರಲ್ಲಿ ಸುಪ್ರೀಂ ಕೋರ್ಟ್ ಉಪನಗರಗಳನ್ನು ಅದರಿಂದ ಹೊರಗಿಟ್ಟಿತು. ತೀರ್ಪು ಬಂದರೂ ಮನಸ್ಸು ಹಳೆಯ ಪಕ್ಷಕ್ಕೆ ಮರಳಲಿಲ್ಲ. ಹಾಗಿರುವಾಗ 1988ರ ಟ್ಯಾಂಕ್ ಸವಾರಿ ಯಾರನ್ನು ಕದಲಿಸಿತು? ಎಂದೋ ಕದಲಿದ್ದವರಿಗೆ ಅದು ಒಂದು ಸಮರ್ಥನೆಯಾಯಿತೆಂದು ನಾನು ಹೇಳುತ್ತೇನೆ. ಇದನ್ನು ಒಪ್ಪದವರು ದಯವಿಟ್ಟು ನಿದರ್ಶನಗಳೊಂದಿಗೆ ಬರೆಯಬೇಕು.

ಮಂಡ್ಯ ವಿದ್ಯಾನಗರ:

ಮೇಷ್ಟ್ರೇ, ನಮಸ್ಕಾರ. ನಾನು ಒಪ್ಪುವುದಿಲ್ಲ, ಮತ್ತು ನನ್ನ ನಿದರ್ಶನಕ್ಕೆ ಡೆಟ್ರಾಯಿಟ್‌ವರೆಗೆ ಹೋಗಬೇಕಾಗಿಯೂ ಇಲ್ಲ. 2018ರ ಮೇ ತಿಂಗಳಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ವಿಧಾನಸಭಾ ಕ್ಷೇತ್ರಗಳನ್ನು ಜೆಡಿಎಸ್ ಗೆದ್ದಿತು. ಮರುವರ್ಷ ಲೋಕಸಭೆಗೆ ಅದೇ ಪಕ್ಷದ ಅಭ್ಯರ್ಥಿಯಾಗಿ ಆಗಿನ ಮುಖ್ಯಮಂತ್ರಿಗಳ ಮಗನೇ ನಿಂತರು, ಕಾಂಗ್ರೆಸ್ಸಿನೊಂದಿಗೆ ಮೈತ್ರಿಯೂ ಇತ್ತು. ಆದರೂ ಕಹಳೆ ಊದುವ ರೈತನ ಚಿಹ್ನೆಯ ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್ 1,25,876 ಮತಗಳ ಅಂತರದಿಂದ ಗೆದ್ದರು. ಮಂಡ್ಯದ ಸೊಸೆ ಎಂಬ ಮಾತು, ಸ್ವಾಭಿಮಾನ ಎಂಬ ಘೋಷಣೆ, ಜೋಡೆತ್ತುಗಳೆಂದು ಕರೆಸಿಕೊಂಡು ಪ್ರಚಾರಕ್ಕೆ ಬಂದ ಇಬ್ಬರು ನಟರು, ಕೆಲವೇ ತಿಂಗಳ ಹಿಂದೆ ಅಗಲಿದ್ದ ಅಂಬರೀಶ್ ಅವರ ನೆನಪು, ಇವೆಲ್ಲ ಸಂಕೇತಗಳೇ ಅಲ್ಲವೇ? ಒಂದೇ ವರ್ಷದಲ್ಲಿ ಜಿಲ್ಲೆಯ ಬದುಕು, ಕಬ್ಬಿನ ಬೆಲೆ, ನಾಲೆಯ ನೀರು ಯಾವುದೂ ಅಷ್ಟೊಂದು ಬದಲಾಗಿರಲಿಲ್ಲ. ಬದಲಾದದ್ದು ಜನ ತಮ್ಮನ್ನು ತಾವು ಕಂಡುಕೊಂಡ ಬಗೆ. ಅದನ್ನು ಬದಲಿಸಿದ್ದು ಸಂಕೇತ.

ಸರಸ್ವತಿಪುರಂ ಮೇಷ್ಟ್ರು:

ಒಳ್ಳೆಯ ನಿದರ್ಶನ. ಆದರೆ ಆ ಮೈತ್ರಿ ಆದ ದಿನದಿಂದಲೇ ಮಂಡ್ಯದ ಕಾಂಗ್ರೆಸ್ ಕಾರ್ಯಕರ್ತರು ಎಷ್ಟು ಕುದಿಯುತ್ತಿದ್ದರೆಂಬುದನ್ನು ತಾವೇ ಬಲ್ಲಿರಿ. ದಶಕಗಳಿಂದ ಹಳ್ಳಿಹಳ್ಳಿಯಲ್ಲಿ ಎದುರಾಳಿಯಾಗಿ ಕಂಡ ಪಕ್ಷಕ್ಕೆ ಮತ ಕೇಳಿರೆಂದು ಮೇಲಿನಿಂದ ಅಪ್ಪಣೆಯಾದಾಗ ಅವರು ಒಂದು ದಾರಿಗಾಗಿ ಕಾಯುತ್ತಿದ್ದರು. ಬಿಜೆಪಿಯೂ ತನ್ನ ಅಭ್ಯರ್ಥಿಯನ್ನು ಹಾಕದೆ ಬೆಂಬಲ ಕೊಟ್ಟಿತು. ಕಹಳೆ ಕೇಳಿಸುವ ಮೊದಲೇ ಮತಗಳು ಸಡಿಲಗೊಂಡಿದ್ದವು. ಅದೂ ಅಲ್ಲದೆ ಸಂಕೇತಕ್ಕೆ ಅಷ್ಟು ಶಕ್ತಿಯಿದ್ದಿದ್ದರೆ ಅದು ಕೆಲಕಾಲವಾದರೂ ಉಳಿಯಬೇಕಿತ್ತು. 2023ರಲ್ಲಿ ಅದೇ ಏಳು ಕ್ಷೇತ್ರಗಳಲ್ಲಿ ಐದು ಕಾಂಗ್ರೆಸ್ಸಿಗೆ ಹೋದವು, ಜೆಡಿಎಸ್‌ಗೆ ಉಳಿದದ್ದು ಕೃಷ್ಣರಾಜಪೇಟೆ ಒಂದೇ. 2024ರಲ್ಲಿ ಲೋಕಸಭೆಗೆ ಕುಮಾರಸ್ವಾಮಿಯವರು 2,84,620 ಮತಗಳ ಅಂತರದಿಂದ ಗೆದ್ದರು. ಮಂಡ್ಯದ ಮತದಾರರು ಪ್ರತಿ ಸಲವೂ ತಮ್ಮದೇ ಲೆಕ್ಕ ಹಾಕುತ್ತಿದ್ದಾರೆಂದು ನನಗನಿಸುತ್ತದೆ.

ಗಂಗೋತ್ರಿ ವಿದ್ಯಾರ್ಥಿನಿ:

ಸರ್, ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿನಿ. ಇಬ್ಬರ ಮಾತಿಗೂ ಎಡೆ ಕೊಡುವ ಒಂದು ಪ್ರಸಂಗವನ್ನು ಇಲ್ಲಿ ಇಡಬಯಸುತ್ತೇನೆ.

1960ರ ಅಕ್ಟೋಬರ್ 19ರಂದು ಅಟ್ಲಾಂಟದ ಒಂದು ದೊಡ್ಡ ಅಂಗಡಿಯಲ್ಲಿ, ಕಪ್ಪು ಜನರಿಗೆ ಊಟ ಬಡಿಸದ ನಿಯಮದ ವಿರುದ್ಧ ಧರಣಿ ಕುಳಿತ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಬಂಧಿಸಲಾಯಿತು. ಉಳಿದವರು ಬಿಡುಗಡೆಯಾದರು, ಕಿಂಗ್ ಅವರಿಗೆ ಮಾತ್ರ ಹಳೆಯ ಒಂದು ಸಂಚಾರ ಪ್ರಕರಣದ ನೆಪದಲ್ಲಿ ನಾಲ್ಕು ತಿಂಗಳ ಶಿಕ್ಷೆ ವಿಧಿಸಿ ದೂರದ ಸೆರೆಮನೆಗೆ ಒಯ್ದರು. ಅವರ ಪತ್ನಿ ಕೊರೆಟ್ಟ ಅವರು ಆಗ ಗರ್ಭಿಣಿ. ಅಭ್ಯರ್ಥಿಯಾಗಿದ್ದ ಕೆನಡಿಯವರು ಕೊರೆಟ್ಟ ಅವರಿಗೆ ದೂರವಾಣಿ ಕರೆ ಮಾಡಿ ಸಮಾಧಾನ ಹೇಳಿದರು, ಕೆನಡಿಯ ತಮ್ಮ ರಾಬರ್ಟ್ ನ್ಯಾಯಾಧೀಶರೊಂದಿಗೆ ಮಾತನಾಡಿದರು, ಕಿಂಗ್ ಬಿಡುಗಡೆಯಾದರು. ಎದುರಾಳಿ ನಿಕ್ಸನ್, ಕಿಂಗ್ ಅವರನ್ನು ಮೊದಲಿನಿಂದ ಬಲ್ಲವರಾಗಿದ್ದರೂ, ಮೌನವಾಗಿದ್ದರು. ಕೆನಡಿಯ ತಂಡ ಈ ಕರೆಯ ಸುದ್ದಿಯನ್ನು ಪತ್ರಿಕೆಗಳಲ್ಲಿ ದೊಡ್ಡದು ಮಾಡದೆ, ದಕ್ಷಿಣದ ಬಿಳಿಯ ಮತದಾರರು ಮುನಿಯದಂತೆ ಎಚ್ಚರ ವಹಿಸಿ, ಕರಪತ್ರಗಳಾಗಿ ಅಚ್ಚು ಹಾಕಿಸಿ ಮತದಾನಕ್ಕೆ ಮುಂಚಿನ ಭಾನುವಾರ ಕಪ್ಪು ಜನರ ಚರ್ಚುಗಳಲ್ಲಿ ಹಂಚಿತು. ಅಭ್ಯರ್ಥಿ ಕ್ಯಾಥೊಲಿಕ್ ಎಂಬ ಕಾರಣಕ್ಕೆ ಬೆಂಬಲ ನಿರಾಕರಿಸಿದ್ದ ಕಿಂಗ್ ಅವರ ತಂದೆ ಬಹಿರಂಗವಾಗಿ ಕೆನಡಿಯ ಪರ ನಿಂತರು. ಇಡೀ ದೇಶದಲ್ಲಿ ಕೆನಡಿಯ ಮುನ್ನಡೆ ಸುಮಾರು 1.12 ಲಕ್ಷ ಮತಗಳಷ್ಟೇ ಇದ್ದುದರಿಂದ ಈ ಒಂದು ಕರೆಯೇ ಚುನಾವಣೆಯನ್ನು ಗೆಲ್ಲಿಸಿತೆಂದು ಹೇಳುವವರಿದ್ದಾರೆ.

ಅಂಕಿಗಳನ್ನು ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಗ್ಯಾಲಪ್ ಸಮೀಕ್ಷೆಯ ಪ್ರಕಾರ 1956ರಲ್ಲಿ ಬಿಳಿಯರಲ್ಲದ ಮತದಾರರಲ್ಲಿ ಶೇ. 39ರಷ್ಟು ಜನ ರಿಪಬ್ಲಿಕನ್ ಐಸೆನ್‌ಹೋವರ್ ಅವರಿಗೆ ಮತ ಹಾಕಿದ್ದರು. 1960ರಲ್ಲಿ, ಆ ಕರೆಯ ನಂತರವೂ, ಶೇ. 32ರಷ್ಟು ಜನ ನಿಕ್ಸನ್ ಅವರೊಂದಿಗೇ ಉಳಿದರು. 1964ರಲ್ಲಿ ಆ ಪ್ರಮಾಣ ಶೇ. 6ಕ್ಕೆ ಕುಸಿಯಿತು. ನಡುವೆ ಆದದ್ದೇನೆಂದರೆ, 1964ರ ಜುಲೈ 2ರಂದು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು, ರಿಪಬ್ಲಿಕನ್ ಅಭ್ಯರ್ಥಿ ಗೋಲ್ಡ್‌ವಾಟರ್ ಆ ಕಾಯ್ದೆಯ ವಿರುದ್ಧ ಮತ ಚಲಾಯಿಸಿದ್ದರು. ಅದೇ ವರ್ಷ ಗೋಲ್ಡ್‌ವಾಟರ್ ತಮ್ಮ ಸ್ವಂತ ಅರಿಜೋನ ಬಿಟ್ಟರೆ ಗೆದ್ದದ್ದು ಮಿಸಿಸಿಪ್ಪಿ, ಅಲಬಾಮ, ಜಾರ್ಜಿಯ, ಲೂಸಿಯಾನ, ದಕ್ಷಿಣ ಕ್ಯಾರೊಲಿನ ಎಂಬ ಐದು ದಕ್ಷಿಣ ರಾಜ್ಯಗಳನ್ನು ಮಾತ್ರ. ಎರಡೂ ಕಡೆಯ ಆ ಪಲ್ಲಟ ಇಂದಿಗೂ ಅಮೆರಿಕದ ಭೂಪಟದ ಮೇಲೆ ಉಳಿದಿದೆ. ಕರೆ ಒಂದು ಭರವಸೆಯನ್ನು ಹುಟ್ಟಿಸಿತು, ಕಾಯ್ದೆ ಅದನ್ನು ನಿಜ ಮಾಡಿತು. ಕಾಯ್ದೆ ಬಾರದೇ ಹೋಗಿದ್ದರೆ ಆ ಕರೆಯನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಹೂಟಗಳ್ಳಿ ಕಾರ್ಮಿಕ:

ತಂಗಿ ಬರೆದದ್ದು ಬಹಳ ಚೆನ್ನಾಗಿದೆ. ನಾನು ಕಾರ್ಖಾನೆಯ ಕಡೆಯಿಂದ ಮಾತನಾಡುತ್ತೇನೆ, ಏಕೆಂದರೆ ಮ್ಯಾಕೋಂಬ್ ಎಂದರೆ ಕಾರ್ಮಿಕರ ಕಥೆ.

2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾರು ಕಾರ್ಮಿಕರ ಸಂಘ ಮುಷ್ಕರ ಹೂಡಿತ್ತು. 26ರಂದು ಬೈಡನ್ ಡೆಟ್ರಾಯಿಟ್ ಹತ್ತಿರ ಮುಷ್ಕರನಿರತರ ಸಾಲಿಗೆ ಹೋಗಿ ಧ್ವನಿವರ್ಧಕ ಹಿಡಿದು ಮಾತನಾಡಿದರು. ಅಧಿಕಾರದಲ್ಲಿರುವ ಅಧ್ಯಕ್ಷರೊಬ್ಬರು ಹಾಗೆ ಮಾಡಿದ್ದು ಅದೇ ಮೊದಲು. ಮರುದಿನ ಟ್ರಂಪ್ ಮ್ಯಾಕೋಂಬ್‌ನ ಕ್ಲಿಂಟನ್ ಟೌನ್‌ಶಿಪ್‌ಗೆ ಬಂದು, ಕಾರ್ಮಿಕ ಸಂಘವೇ ಇಲ್ಲದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಭಾಷಣ ಮಾಡಿದರು. ಸಂಕೇತದ ಲೆಕ್ಕದಲ್ಲಿ ಇವೆರಡಕ್ಕೂ ಹೋಲಿಕೆಯೇ ಇಲ್ಲ. ಸಂಘದಲ್ಲಿ ದುಡಿದವನಾಗಿ ಹೇಳುತ್ತೇನೆ, ದೇಶದ ಮುಖ್ಯಸ್ಥ ಗೇಟಿನ ಮುಂದೆ ಬಂದು ನಿಲ್ಲುವುದು ಸಣ್ಣ ಮಾತಲ್ಲ. ಸಂಘದ ನಾಯಕತ್ವ ಬೈಡನ್ ಅವರಿಗೆ, ಆಮೇಲೆ ಕಮಲಾ ಹ್ಯಾರಿಸ್ ಅವರಿಗೆ ಬೆಂಬಲ ಘೋಷಿಸಿತು. ಆದರೆ 2024ರಲ್ಲಿ ಮ್ಯಾಕೋಂಬ್‌ನಲ್ಲಿ ಟ್ರಂಪ್ ಅವರಿಗೆ ಶೇ. 55ಕ್ಕಿಂತ ಹೆಚ್ಚು ಮತ ಬಿತ್ತು, 2020ಕ್ಕಿಂತ ಅಧಿಕ. ಲಾರಿ ಚಾಲಕರ ದೊಡ್ಡ ಸಂಘವಾದ ಟೀಮ್‌ಸ್ಟರ್ಸ್ ಯಾರಿಗೂ ಬೆಂಬಲ ಘೋಷಿಸಲಿಲ್ಲ, ಅದರ ಸದಸ್ಯರ ಸಮೀಕ್ಷೆಯಲ್ಲಿ ಟ್ರಂಪ್ ಬಹಳ ಮುಂದಿದ್ದರು.

ಕಾರಣವನ್ನು ನಾನು ದಿನಸಿ ಅಂಗಡಿಯಲ್ಲಿ ಹುಡುಕುತ್ತೇನೆ. 2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ. 9.1ಕ್ಕೆ ಮುಟ್ಟಿತ್ತು. ಆಮೇಲೆ ಏರಿಕೆಯ ವೇಗ ಇಳಿಯಿತು, ಆದರೆ ಬೆಲೆಗಳು ಇಳಿಯಲಿಲ್ಲ. ದಿನಸಿ, ಬಾಡಿಗೆ, ಕಾರಿನ ವಿಮೆ ಎಲ್ಲವೂ ಮೇಲೇರಿದ ಜಾಗದಲ್ಲೇ ನಿಂತವು. ಸಂಘ ಹೋರಾಡಿ ಗಳಿಸಿಕೊಟ್ಟ ವೇತನ ಏರಿಕೆ ಸಂಘದ ಸದಸ್ಯರಿಗೆ ಮಾತ್ರ. ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯವರಿಗೆ, ಗುತ್ತಿಗೆಯವರಿಗೆ ಅದು ಇಲ್ಲ. ನಮ್ಮ ಹೆಬ್ಬಾಳ, ಹೂಟಗಳ್ಳಿಯಲ್ಲೂ ಕಾಯಂ ನೌಕರರ ಒಪ್ಪಂದದ ದಿನ ಗುತ್ತಿಗೆ ಕಾರ್ಮಿಕರ ಮುಖ ನೋಡಿದವರಿಗೆ ಇದು ಅರ್ಥವಾಗುತ್ತದೆ. ಗೇಟಿನ ಒಳಗಿದ್ದವರಿಗೆ ತಲುಪಿದ ಸಂಕೇತ ಹೊರಗಿದ್ದವರಿಗೆ ತಲುಪಲಿಲ್ಲ, ಮತ್ತು ಹೊರಗಿದ್ದವರ ಸಂಖ್ಯೆ ಹೆಚ್ಚು.

ಮಂಡ್ಯ ವಿದ್ಯಾನಗರ:

ಅಣ್ಣಾ, ನಿಮ್ಮ ಮಾತನ್ನು ಗೌರವಿಸುತ್ತಲೇ ಎರಡು ಆಕ್ಷೇಪಗಳನ್ನು ಎತ್ತುತ್ತೇನೆ.

ಮೊದಲನೆಯದು ಅಂತರದ ಲೆಕ್ಕ. ಅಮೆರಿಕದಲ್ಲಿ ರಾಜ್ಯಗಳಿಗೆ ಹಂಚಿದ 538 ಎಲೆಕ್ಟೋರಲ್ ಮತಗಳಲ್ಲಿ 270 ಪಡೆದವರು ಗೆಲ್ಲುತ್ತಾರೆ, ಬಹುತೇಕ ರಾಜ್ಯಗಳಲ್ಲಿ ಒಂದು ಮತ ಹೆಚ್ಚು ಪಡೆದವರಿಗೆ ರಾಜ್ಯವಿಡೀ ಸಲ್ಲುತ್ತದೆ. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಲ್ಲಿ ಒಟ್ಟು 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರೂ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯ ಎಂಬ ಮೂರು ರಾಜ್ಯಗಳನ್ನು ಒಟ್ಟು 77,744 ಮತಗಳಿಂದ ಕಳೆದುಕೊಂಡು ಸೋತರು. ಆ ಮೂರು ರಾಜ್ಯಗಳಲ್ಲಿ ಮತ ಹಾಕಿದವರು ಸುಮಾರು 1 ಕೋಟಿ 39 ಲಕ್ಷ. ಮೇಷ್ಟ್ರು ಹೇಳುವಂತೆ ದೊಡ್ಡ ಪಲ್ಲಟ ಸಂಕೇತಕ್ಕೆ ಮೊದಲೇ ನಡೆದಿದ್ದರೂ, ಕೊನೆಯಲ್ಲಿ ನೂರಕ್ಕೆ ಒಬ್ಬರ ಮನಸ್ಸನ್ನು ಸಂಕೇತ ಗಟ್ಟಿ ಮಾಡಿದರೆ ಸಾಕು, ಅಧ್ಯಕ್ಷರೇ ಬದಲಾಗುತ್ತಾರೆ.

ಎರಡನೆಯದು, ಪ್ರಬಲವಾದ ಸಂಕೇತ ಬಹಳ ಸಲ ಎದುರಾಳಿಯ ಬಾಯಿಂದ ಬರುತ್ತದೆ. 2016ರ ಸೆಪ್ಟೆಂಬರ್ 9ರಂದು ಕ್ಲಿಂಟನ್ ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ಹೀನಾಯರ ಗುಂಪಿಗೆ ಸೇರಿಸಿ ಮಾತನಾಡಿದರು. ಕೆಲವೇ ದಿನಗಳಲ್ಲಿ ಆ ಬೆಂಬಲಿಗರು ಅದೇ ಪದವನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಸಭೆಗಳಿಗೆ ಬಂದರು. 2024ರ ಅಕ್ಟೋಬರ್ ಕೊನೆಯಲ್ಲಿ ಟ್ರಂಪ್ ಸಭೆಯೊಂದರಲ್ಲಿ ಹಾಸ್ಯಗಾರನೊಬ್ಬ ಅಮೆರಿಕಕ್ಕೇ ಸೇರಿದ ಪೋರ್ಟೊರಿಕೊ ದ್ವೀಪವನ್ನು ಕಸಕ್ಕೆ ಹೋಲಿಸಿದ. ಅದನ್ನು ಖಂಡಿಸಲು ಹೊರಟ ಬೈಡನ್ ಅವರ ಮಾತು ಟ್ರಂಪ್ ಬೆಂಬಲಿಗರನ್ನೇ ಕಸವೆಂದಂತೆ ಕೇಳಿಸಿತು. ಮರುದಿನ ಟ್ರಂಪ್ ವಿಸ್ಕಾನ್ಸಿನ್ನಿನ ಗ್ರೀನ್ ಬೇಯಲ್ಲಿ ಪೌರಕಾರ್ಮಿಕರ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ಕಸದ ಲಾರಿಯಲ್ಲಿ ಕಾಣಿಸಿಕೊಂಡರು. ತಮ್ಮ ಪಕ್ಷದ ಸಭೆಯಿಂದ ಹುಟ್ಟಿದ ಅವಮಾನ ಒಂದೇ ದಿನದಲ್ಲಿ ಎದುರು ಪಕ್ಷದ ತಲೆಗೆ ಹೋಯಿತು. 2019ರಲ್ಲಿ ಮಂಡ್ಯದಲ್ಲೂ, ಪತಿಯನ್ನು ಕಳೆದುಕೊಂಡು ಕೆಲವೇ ತಿಂಗಳಾಗಿದ್ದ ಅಭ್ಯರ್ಥಿಯ ಬಗ್ಗೆ ಎದುರು ಪಾಳಯದಿಂದ ಬಂದ ಮಾತು ಹೆಂಗಸರ ಮನಸ್ಸಿನಲ್ಲಿ ಎಷ್ಟು ಆಳಕ್ಕಿಳಿಯಿತೆಂಬುದನ್ನು ನಾವು ಕಂಡಿದ್ದೇವೆ. ಬೆಲೆ ಏರಿಕೆ ಜನರನ್ನು ಸಿಟ್ಟಿಗೆಬ್ಬಿಸಬಹುದು. ಅವಮಾನವಾದಾಗ ಜನ ಒಂದು ಗುಂಪಾಗುತ್ತಾರೆ.

ಸರಸ್ವತಿಪುರಂ ಮೇಷ್ಟ್ರು:

ಅಂತರದ ಮಾತಿಗೆ ನನ್ನ ತಕರಾರಿಲ್ಲ. ಅಷ್ಟು ಸಣ್ಣ ಅಂತರವಿದ್ದಾಗ ಮಳೆ ಬಂದರೂ ಫಲಿತಾಂಶ ಬದಲಾಗಬಹುದು, ಸಂಕೇತದಿಂದಲೂ ಬದಲಾಗಬಹುದು. ಆದರೆ ಅಂತರ ಅಷ್ಟು ಸಣ್ಣದಾಗುವ ಮಟ್ಟಕ್ಕೆ ಆ ರಾಜ್ಯಗಳು ಬಂದದ್ದು ಹೇಗೆ ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ. ಒಬಾಮ 2008ರಲ್ಲೂ 2012ರಲ್ಲೂ ಮ್ಯಾಕೋಂಬ್ ಗೆದ್ದಿದ್ದರು. 2016ರಲ್ಲಿ ಟ್ರಂಪ್ ಮಿಷಿಗನ್ ಗೆದ್ದದ್ದು 10,704 ಮತಗಳಿಂದ; ಮ್ಯಾಕೋಂಬ್ ಒಂದರಲ್ಲೇ ಅವರ ಮುನ್ನಡೆ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು.

ಯಾವ ಪ್ರಸಿದ್ಧ ಚಿತ್ರವೂ ತೆಗೆಯಲ್ಪಡದ ಒಂದು ಜಾಗವನ್ನು ನೋಡೋಣ. ಟೆಕ್ಸಾಸ್‌ನ ದಕ್ಷಿಣ ತುದಿಯಲ್ಲಿ, ಮೆಕ್ಸಿಕೊ ಗಡಿಯಲ್ಲಿ, ಸ್ಟಾರ್ ಎಂಬ ಕೌಂಟಿಯಿದೆ. ಅಲ್ಲಿಯ ಜನರಲ್ಲಿ ನೂರಕ್ಕೆ 97 ಮಂದಿ ಹಿಸ್ಪಾನಿಕ್ ಮೂಲದವರು. ಡೆಮಾಕ್ರಟಿಕ್ ಪಕ್ಷಕ್ಕೆ ಅಲ್ಲಿ 2012ರಲ್ಲಿ ಶೇ. 86, 2016ರಲ್ಲಿ ಶೇ. 79, 2020ರಲ್ಲಿ ಶೇ. 52. 2024ರಲ್ಲಿ ಟ್ರಂಪ್ ಗೆದ್ದರು. ಹತ್ತೊಂಬತ್ತನೆಯ ಶತಮಾನದ ನಂತರ ಆ ಕೌಂಟಿ ರಿಪಬ್ಲಿಕನ್ ಅಭ್ಯರ್ಥಿಗೆ ಒಲಿದದ್ದು ಇದೇ ಮೊದಲು. ಮೆಕ್ಸಿಕೊದಿಂದ ಬಂದವರ ಬಗ್ಗೆ ಟ್ರಂಪ್ ಆಡಿದ ಮಾತುಗಳು, ಗಡಿಗೋಡೆಯ ಘೋಷಣೆ, ಇವೆಲ್ಲ ಸಂಕೇತದ ಲೆಕ್ಕದಲ್ಲಿ ಆ ಜನರನ್ನು ದೂರ ತಳ್ಳಬೇಕಿತ್ತು. ಆದರೆ ಆ ಪ್ರದೇಶದಲ್ಲಿ ಗಡಿ ಕಾವಲು ಪಡೆ, ತೈಲ ಬಾವಿಗಳು ಹಲವು ಮನೆಗಳಿಗೆ ಅನ್ನ ಕೊಡುತ್ತವೆ. ನದಿಯ ದಂಡೆ ಕುಸಿಯುವಾಗ ಮೇಲಿನ ಹುಲ್ಲು ಹಸಿರಾಗಿಯೇ ಇರುವಂತೆ, ಆ ಬದಲಾವಣೆ ಬಹಳ ಕಾಲ ಹೊರಗಿನವರ ಕಣ್ಣಿಗೆ ಬೀಳಲಿಲ್ಲ.

ಇನ್ನು ಪೆನ್ಸಿಲ್ವೇನಿಯದ ಬಕ್ಸ್ ಕೌಂಟಿ. 2024ರ ಅಕ್ಟೋಬರ್ 20ರಂದು ಟ್ರಂಪ್ ಮೆಕ್‌ಡೊನಾಲ್ಡ್ಸ್ ಉಪಾಹಾರ ಗೃಹದಲ್ಲಿ ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆ ಕರಿದು ಕಿಟಕಿಯಲ್ಲಿ ಪೊಟ್ಟಣ ಕೊಟ್ಟದ್ದು ಅಲ್ಲಿ. ಸಾಮಾನ್ಯ ಗ್ರಾಹಕರಿಗೆ ಅಂಗಡಿ ಮುಚ್ಚಿ ಏರ್ಪಡಿಸಿದ ದೃಶ್ಯ ಅದು. ಎರಡು ವಾರಗಳ ನಂತರ ಬಕ್ಸ್ ಅವರಿಗೆ ಒಲಿಯಿತು. 1988ರ ನಂತರ ಅಲ್ಲಿ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷ ಗೆದ್ದಿರಲಿಲ್ಲ. ಚಿತ್ರದಿಂದ ಗೆಲುವು ಎಂದು ಬರೆಯಲು ಅನುಕೂಲವಾಗಿದೆ. ಆದರೆ ಅಲ್ಲಿಯ ಮತದಾರರ ನೋಂದಣಿಯಲ್ಲಿ ರಿಪಬ್ಲಿಕನ್ನರ ಸಂಖ್ಯೆ ಡೆಮಾಕ್ರಟರನ್ನು ದಾಟಿದ್ದು ಆ ವರ್ಷದ ಜುಲೈ ತಿಂಗಳಲ್ಲೇ. ಪ್ರಚಾರ ತಂಡಗಳು ಇಂಥ ಪಟ್ಟಿಗಳನ್ನು ನಮಗಿಂತ ಚೆನ್ನಾಗಿ ಓದುತ್ತವೆ. ನೆಲ ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಕ್ಯಾಮೆರಾ ತೆಗೆದುಕೊಂಡು ಹೋಗುತ್ತವೆ.

ಕುವೆಂಪುನಗರ ನಿವಾಸಿ:

ನಮಸ್ಕಾರ. ನನ್ನ ಮಗಳು, ಅಳಿಯ ಮಿಷಿಗನ್ನಿನ ಟ್ರಾಯ್ ಎಂಬ ಊರಿನಲ್ಲಿದ್ದಾರೆ. ಅದು ಮ್ಯಾಕೋಂಬ್‌ಗೆ ಅಂಟಿಕೊಂಡ ಓಕ್‌ಲ್ಯಾಂಡ್ ಕೌಂಟಿ. ಒಂದು ಕಾಲಕ್ಕೆ ರಿಪಬ್ಲಿಕನ್ನರ ಭದ್ರ ನೆಲೆಯಾಗಿದ್ದ ಓಕ್‌ಲ್ಯಾಂಡ್ 1996ರಿಂದ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಡೆಮಾಕ್ರಟಿಕ್ ಅಭ್ಯರ್ಥಿಯನ್ನೇ ಆರಿಸಿದೆ. ಎರಡು ಕೌಂಟಿಗಳ ನಡುವೆ ಇರುವುದು ಒಂದು ರಸ್ತೆ. ಈ ಕಡೆ ಪದವೀಧರರು, ಎಂಜಿನಿಯರುಗಳು, ವೈದ್ಯರು, ನಮ್ಮಂಥ ವಲಸಿಗರು ಹೆಚ್ಚು. ಆ ಕಡೆ ಕಾರ್ಖಾನೆಯ ಕುಟುಂಬಗಳು ಹೆಚ್ಚು. ಟ್ರಂಪ್ ಅವರ ಒಂದೇ ಕೆಂಪು ಟೊಪ್ಪಿ ಆ ಕಡೆಯವರಿಗೆ ತಮ್ಮವನು ಬಂದ ಎನಿಸಿದರೆ ಈ ಕಡೆಯವರಿಗೆ ಭಯ ಹುಟ್ಟಿಸಿತು. ಆದ್ದರಿಂದ ಸಂಕೇತದ ಶಕ್ತಿಯನ್ನು ಅಳೆಯುವಾಗ ಅದು ಯಾರನ್ನು ದೂರ ಮಾಡಿತೆಂಬುದನ್ನೂ ಕಳೆಯಬೇಕು.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ಹತ್ತಿರವಾದದ್ದು. ಕಮಲಾ ಹ್ಯಾರಿಸ್ ಅವರ ತಾಯಿ ಶ್ಯಾಮಲಾ ಗೋಪಾಲನ್ ನಮ್ಮ ನೆರೆಯ ತಮಿಳುನಾಡಿನವರು. ತುಳಸೇಂದ್ರಪುರದ ದೇವಸ್ಥಾನದಲ್ಲಿ ಅವರ ಗೆಲುವಿಗಾಗಿ ಪೂಜೆ ಮಾಡಿಸಿದಾಗ ನಾವೂ ಸಂತೋಷಪಟ್ಟೆವು. ಅಂಥ ಸಂಕೇತಕ್ಕೆ ಅಲ್ಲಿಯ ಭಾರತೀಯ ಮೂಲದ ಮತದಾರರು ಒಗ್ಗೂಡುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಆದರೆ ಕಾರ್ನೆಗಿ ಸಂಸ್ಥೆಯ ಸಮೀಕ್ಷೆಯಲ್ಲಿ 2020ರಲ್ಲಿ ಬೈಡನ್ ಪರ ಇದ್ದ ಶೇ. 68, 2024ರಲ್ಲಿ ಕಮಲಾ ಅವರ ಪರ ಶೇ. 61ಕ್ಕೆ ಇಳಿದಿತ್ತು, ಟ್ರಂಪ್ ಪರ ಶೇ. 22 ಇದ್ದದ್ದು 32ಕ್ಕೆ ಏರಿತ್ತು. ನಮ್ಮದೇ ರಕ್ತದ ಅಭ್ಯರ್ಥಿ ನಿಂತಾಗಲೇ ಬೆಂಬಲ ಕಡಿಮೆಯಾಯಿತು. ಮನೆಯ ಸಾಲ, ಮಕ್ಕಳ ಕಾಲೇಜು ಪ್ರವೇಶ, ಗ್ರೀನ್ ಕಾರ್ಡಿಗಾಗಿ ವರ್ಷಾನುಗಟ್ಟಲೆ ಕಾಯುವ ಬೇಗುದಿ, ಮಗಳ ಸ್ನೇಹಿತರ ಮನೆಗಳಲ್ಲಿ ಇವೇ ಮಾತುಗಳು. ಈ ವಿಷಯದಲ್ಲಿ ನಾನು ಮೇಷ್ಟ್ರ ಕಡೆಗೆ ವಾಲುತ್ತೇನೆ.

ಶ್ರೀರಂಗಪಟ್ಟಣ ವಕೀಲ:

ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಜನಸಾಮಾನ್ಯರು ಮತ ಹಾಕುವುದಿಲ್ಲ, ಆದ್ದರಿಂದ ಅಲ್ಲಿ ಸಂಕೇತಕ್ಕೆ ಕೆಲಸವಿಲ್ಲ ಎಂದು ಯಾರಾದರೂ ಹೇಳುವ ಮೊದಲು ಎರಡು ವರ್ಷಗಳನ್ನು ನೆನಪಿಸುತ್ತೇನೆ.

1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ನಾಯಕರು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ಆರಿಸಿದರು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಅದೇ ತಿಂಗಳ 19ರಂದು ಇಂದಿರಾ ಗಾಂಧಿಯವರು 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಬ್ಯಾಂಕಿನ ಮೆಟ್ಟಿಲು ಹತ್ತದ ಜನರಿಗೂ ಅದು ತಮ್ಮ ಪರವಾದ ಕೆಲಸವಾಗಿ ಕಂಡಿತು. ನಂತರ ಪಕ್ಷದ ಅಭ್ಯರ್ಥಿಗೆ ಕಟ್ಟುಬೀಳದೆ ಆತ್ಮಸಾಕ್ಷಿಯಂತೆ ಮತ ಹಾಕಿರೆಂಬ ಕರೆ ಅವರಿಂದಲೇ ಬಂತು, ಎರಡನೆಯ ಪ್ರಾಶಸ್ತ್ಯದ ಎಣಿಕೆಯವರೆಗೂ ಹೋಗಿ ಪಕ್ಷೇತರ ಅಭ್ಯರ್ಥಿ ವಿ. ವಿ. ಗಿರಿಯವರು 4,20,077 ಮೌಲ್ಯದ ಮತ ಪಡೆದು, 4,05,427 ಪಡೆದ ರೆಡ್ಡಿಯವರನ್ನು ಸೋಲಿಸಿದರು. ಶಾಸಕರು ಕದಲಿದ್ದು ತಮ್ಮ ಕ್ಷೇತ್ರದ ಜನ ಎತ್ತ ಕದಲುತ್ತಿದ್ದಾರೆಂಬುದನ್ನು ನೋಡಿ. 2022ರಲ್ಲಿ ದ್ರೌಪದಿ ಮುರ್ಮು ಅವರ ಹೆಸರು ಬಂದಾಗ ಜಾರ್ಖಂಡ್ ಮುಕ್ತಿ ಮೋರ್ಚಾ, ಶಿವಸೇನೆಯಂಥ ವಿರೋಧ ಪಾಳಯದ ಪಕ್ಷಗಳೂ ಅವರನ್ನೇ ಬೆಂಬಲಿಸಿದವು, ನಮ್ಮಲ್ಲಿ ಜೆಡಿಎಸ್ ಕೂಡ. ಬುಡಕಟ್ಟು ಸಮುದಾಯದ ಮಹಿಳೆಗೆ ವಿರುದ್ಧವಾಗಿ ಮತ ಹಾಕಿ ಜಾರ್ಖಂಡಿನ ಹಳ್ಳಿಗಳಿಗೆ ಹಿಂತಿರುಗುವುದು ಆ ಪಕ್ಷಕ್ಕೆ ಸಾಧ್ಯವಿರಲಿಲ್ಲ. ಇಲ್ಲಿ ಸಂಕೇತ ಮತದಾರನನ್ನು ಕದಲಿಸುವ ಬದಲು ಪಕ್ಷದ ಕೈಗಳನ್ನು ಕಟ್ಟಿಹಾಕುತ್ತದೆ. ಇದು ಅಮೆರಿಕದ ಪ್ರಸಂಗಗಳಲ್ಲಿ ಕಾಣದ ಬೇರೊಂದು ಬಗೆಯ ಕೆಲಸ.

ಮಂಡ್ಯ ವಿದ್ಯಾನಗರ:

ವಕೀಲರ ಮಾತು ನನಗೆ ಹೊಸ ದಾರಿ ತೋರಿಸಿತು. ನನ್ನ ಆಕ್ಷೇಪಗಳನ್ನು ನಾನು ಹಿಂತೆಗೆದುಕೊಳ್ಳುತ್ತಿಲ್ಲ, ಆದರೆ ಎರಡೂ ವಾದಗಳನ್ನು ತೂಗಿ ನೋಡಲು ಮೇಲುಕೋಟೆಗಿಂತ ಒಳ್ಳೆಯ ಜಾಗ ಸಿಗಲಾರದು. 2018ರ ಫೆಬ್ರುವರಿಯಲ್ಲಿ ರೈತ ನಾಯಕ ಕೆ. ಎಸ್. ಪುಟ್ಟಣ್ಣಯ್ಯನವರು ತೀರಿಕೊಂಡರು. ಮೂರು ತಿಂಗಳ ಒಳಗೆ ನಡೆದ ಚುನಾವಣೆಯಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಹಸಿರು ಶಾಲು ಹೊದ್ದು ನಿಂತರು, ಕಾಂಗ್ರೆಸ್ ಅಲ್ಲಿ ಅಭ್ಯರ್ಥಿಯನ್ನು ಹಾಕಲಿಲ್ಲ, ತಂದೆಯ ಸಾವಿನ ದುಃಖ ಊರೂರಲ್ಲಿ ಹಸಿಯಾಗಿತ್ತು. ಆದರೂ ಸೋತರು. 2023ರಲ್ಲಿ ಅದೇ ಶಾಲು, ಅದೇ ಎದುರಾಳಿ, ಅದೇ ಕಾಂಗ್ರೆಸ್ ಬೆಂಬಲ, ಗೆದ್ದರು. ನಡುವಿನ ಐದು ವರ್ಷಗಳಲ್ಲಿ ಯಾವ ಹಳ್ಳಿಗಳು ತಿರುಗಿದವು, ನಾಲೆಯ ಕೊನೆಯ ಭಾಗದವೋ, ಮಳೆಯಾಶ್ರಿತ ಬೆಟ್ಟದ ಬದಿಯವೋ, ಪಾಂಡವಪುರ ಪಟ್ಟಣದ ಬೂತುಗಳೋ ಎಂಬುದು ಚುನಾವಣಾ ಆಯೋಗದ ನಮೂನೆ 20ರ ಬೂತುವಾರು ಫಲಿತಾಂಶದಲ್ಲಿದೆ. ಎರಡೂ ವರ್ಷಗಳ ಪಟ್ಟಿಗಳನ್ನು ಹಳ್ಳಿವಾರು ಹೊಂದಿಸಿ ಇಲ್ಲಿ ಹಾಕುತ್ತೇನೆ. ಗಂಗೋತ್ರಿಯ ತಂಗಿ ಲೆಕ್ಕದಲ್ಲಿ ಕೈ ಜೋಡಿಸುವುದಾದರೆ 2019 ಮತ್ತು 2024ರ ಲೋಕಸಭೆಯ ಬೂತುಗಳನ್ನೂ ಪಕ್ಕದಲ್ಲಿಟ್ಟು ನೋಡಬಹುದು.

ಗಂಗೋತ್ರಿ ವಿದ್ಯಾರ್ಥಿನಿ:

ಖಂಡಿತ ಮಾಡುತ್ತೇನೆ ಸರ್. 2018 ಮತ್ತು 2023ರ ನಡುವೆ ಕೆಲವು ಬೂತುಗಳ ಸಂಖ್ಯೆ, ಗಡಿ ಬದಲಾಗಿರುವ ಸಾಧ್ಯತೆಯಿದೆ. ಮೊದಲು ಬೂತಿನ ಸಂಖ್ಯೆಯ ಬದಲು ಶಾಲೆಯ ಅಥವಾ ಊರಿನ ಹೆಸರಿನಿಂದ ಹೊಂದಿಸಿಕೊಳ್ಳೋಣ. ತಾವು ಮೇಲುಕೋಟೆ ಹೋಬಳಿಯಿಂದ ಆರಂಭಿಸಿ, ನಾನು ಪಾಂಡವಪುರದಿಂದ ಬರುತ್ತೇನೆ.